'ಕೌನ್ಸೆಲಿಂಗ್ ಕೊಡಿಸಿದರೆ ಸರಿಹೋಗ್ತಾರೆ' ಎಂಬುದು ನಿಜವೇ? ಎಲ್‌ಜಿಬಿಟಿಕ್ಯೂ ಜನರಿಗೆ ನಮ್ಮೂರಲ್ಲೇ ಆಸರೆ ಕಟ್ಟುವುದು ಹೇಗೆ?

ಮಗ ಹುಡುಗರನ್ನೇ ಇಷ್ಟಪಡುತ್ತಾನೆ ಎಂದು ಗೊತ್ತಾಗಿದೆ. ಅಥವಾ ಮಗಳು, 'ನಾನು ಹುಡುಗಿಯಲ್ಲ, ಹುಡುಗ' ಎನ್ನುತ್ತಿದ್ದಾಳೆ. ಏನು ಮಾಡಬೇಕೆಂದು ತೋಚದ ಅಪ್ಪ ಅಮ್ಮನಿಗೆ ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಸಿಗುತ್ತದೆ. ಒಂದು, 'ಇದು ಕಾಯಿಲೆ, ಒಳ್ಳೆ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿ, ಸರಿಮಾಡ್ತಾರೆ' ಎಂಬ ಸಲಹೆ. ಇನ್ನೊಂದು, ಹತ್ತಿಪ್ಪತ್ತು ಸಹಾಯವಾಣಿ ನಂಬರುಗಳ ಉದ್ದನೆಯ ಪಟ್ಟಿ.

ಮೊದಲನೆಯದು ತಪ್ಪು. ಎರಡನೆಯದು ಸದುದ್ದೇಶದ್ದೇ ಇರಬಹುದು, ಆದರೆ ಅದರಲ್ಲಿರುವ ಎಷ್ಟು ನಂಬರಿಗೆ ಈಗಲೂ ಯಾರಾದರೂ ಉತ್ತರಿಸುತ್ತಾರೆ ಎಂದು ಕಳಿಸಿದವರು ನೋಡಿರುವುದಿಲ್ಲ. ಹಾಗಾದರೆ ನಿಜವಾದ ನೆರವು ಹೇಗಿರುತ್ತದೆ? ಅದನ್ನು ಒಂದು ತಾಲ್ಲೂಕಿನಲ್ಲಿ, ಒಂದು ಜಿಲ್ಲೆಯಲ್ಲಿ ಕಟ್ಟಲು ಸಾಧ್ಯವೇ? ಒಂದೊಂದಾಗಿ ನೋಡೋಣ.

ಮೊದಲು ಪದಗಳ ಅರ್ಥ

ಯಾರ ಮೇಲೆ ಪ್ರೀತಿ, ಆಕರ್ಷಣೆ ಹುಟ್ಟುತ್ತದೆ ಎಂಬುದು ಲೈಂಗಿಕ ಒಲವು. ತನ್ನನ್ನು ತಾನು ಗಂಡು, ಹೆಣ್ಣು ಅಥವಾ ಬೇರೆ ಎಂದು ಅರಿಯುವುದು ಲಿಂಗ ಗುರುತು. ಲೆಸ್ಬಿಯನ್, ಗೇ, ಬೈಸೆಕ್ಷುಯಲ್ ಎಂಬ ಪದಗಳು ಒಲವನ್ನು ಹೇಳುತ್ತವೆ. ಟ್ರಾನ್ಸ್‌ಜೆಂಡರ್ ಎಂಬುದು ಗುರುತಿಗೆ ಸಂಬಂಧಿಸಿದ್ದು. ಇವೆರಡೂ ಬೇರೆ ಬೇರೆ. ಕನ್ನಡದಲ್ಲಿ ಲೈಂಗಿಕ ಅಲ್ಪಸಂಖ್ಯಾತರು, ಲಿಂಗತ್ವ ಅಲ್ಪಸಂಖ್ಯಾತರು ಎಂಬ ಪದಗಳು ಬಳಕೆಯಲ್ಲಿವೆ. ಉತ್ತರ ಕರ್ನಾಟಕದ ಜೋಗತಿ, ಜೋಗಪ್ಪ ಪರಂಪರೆ ಹಳೆಯದು. ಆ ಪರಂಪರೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು, 2021ರಲ್ಲಿ ಪದ್ಮಶ್ರೀ ಪಡೆದರು. 'ಇದೆಲ್ಲ ಮೊಬೈಲ್ ಬಂದ ಮೇಲೆ ಶುರುವಾಗಿದ್ದು' ಎನ್ನುವವರಿಗೆ ಇಷ್ಟು ಸಾಕು.

ಹೇಳಿಕೆ 1: 'ಇದು ಮಾನಸಿಕ ಕಾಯಿಲೆ'

ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಸಲಿಂಗಾಕರ್ಷಣೆಯನ್ನು ತನ್ನ ರೋಗಗಳ ಪಟ್ಟಿಯಿಂದ ತೆಗೆಯಿತು. ಅದೇ ಸಂಸ್ಥೆ 2019ರಲ್ಲಿ ಒಪ್ಪಿದ ಹೊಸ ಪಟ್ಟಿಯಲ್ಲಿ, ಟ್ರಾನ್ಸ್‌ಜೆಂಡರ್ ಆಗಿರುವುದನ್ನೂ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿತು. ಭಾರತದ ಮನೋವೈದ್ಯರ ಸಂಘವೂ ಸಲಿಂಗಾಕರ್ಷಣೆ ಕಾಯಿಲೆಯಲ್ಲ ಎಂದು 2018ರಲ್ಲಿ ಸ್ಪಷ್ಟವಾಗಿ ಹೇಳಿತು.

ನಮ್ಮ ಕಾನೂನೂ ಹೀಗೇ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಒಬ್ಬ ವ್ಯಕ್ತಿ ಸಮಾಜದ ನೈತಿಕ, ಸಾಂಸ್ಕೃತಿಕ ರೂಢಿಗೆ ಹೊಂದಿಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ ಅವರಿಗೆ ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನಿಸುವಂತಿಲ್ಲ. ಲೈಂಗಿಕ ಒಲವಿನ ಆಧಾರದ ಮೇಲೆ ಚಿಕಿತ್ಸೆಯಲ್ಲಿ ಭೇದ ಮಾಡುವಂತೆಯೂ ಇಲ್ಲ.

ಹೇಳಿಕೆ 2: 'ಕೌನ್ಸೆಲಿಂಗ್‌ನಿಂದ ಬದಲಾಯಿಸಬಹುದು'

ತಪ್ಪು, ಅಪಾಯಕಾರಿಯೂ ಹೌದು. ಒಲವನ್ನೋ ಗುರುತನ್ನೋ ಬದಲಾಯಿಸುತ್ತೇವೆ ಎಂದು ಮಾತ್ರೆ, ಕರೆಂಟ್ ಶಾಕ್, ಹೆದರಿಕೆ, ಪೂಜೆ, ಬಲವಂತದ ಮದುವೆ ಹೀಗೆ ಏನು ಮಾಡಿದರೂ ಅದಕ್ಕೆ ಕನ್ವರ್ಷನ್ ಥೆರಪಿ ಎನ್ನುತ್ತಾರೆ. ಇದು ಕೆಲಸ ಮಾಡುತ್ತದೆ ಎನ್ನಲು ನಂಬುವಂಥ ಪುರಾವೆ ಇಲ್ಲ. ಖಿನ್ನತೆ, ತನ್ನ ಮೇಲೇ ಅಸಹ್ಯ, ಆತ್ಮಹತ್ಯೆಯ ಯೋಚನೆ ಹೆಚ್ಚುತ್ತವೆ ಎನ್ನಲು ಪುರಾವೆ ಇದೆ.

ಮದುರೆಯಿಂದ ಚೆನ್ನೈಗೆ ಬಂದ ಇಬ್ಬರು ಯುವತಿಯರು ಮನೆಯವರಿಂದ ರಕ್ಷಣೆ ಕೋರಿ ಮದ್ರಾಸ್ ಹೈಕೋರ್ಟಿಗೆ ಹೋಗಿದ್ದರು. ಆ ಪ್ರಕರಣದಲ್ಲಿ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು, ವಿಷಯ ತಮಗೇ ಪೂರ್ತಿ ಗೊತ್ತಿಲ್ಲ ಎಂದು ಒಪ್ಪಿ, ಮನಶ್ಶಾಸ್ತ್ರಜ್ಞರ ಎದುರು ಕುಳಿತು ತಿಳಿದುಕೊಂಡರು. 2021ರ ಜೂನ್ 7ರ ಆದೇಶದಲ್ಲಿ ಇಂಥ 'ಬದಲಾಯಿಸುವ' ಚಿಕಿತ್ಸೆಯನ್ನು ನಿಷೇಧಿಸಲು ಹೇಳಿದರು. ಅದೇ ಪ್ರಕರಣದ ಬೆನ್ನಲ್ಲೇ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕನ್ವರ್ಷನ್ ಥೆರಪಿಯನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ಸಾರಿ, ರಾಜ್ಯ ವೈದ್ಯಕೀಯ ಮಂಡಳಿಗಳಿಗೆ ಪತ್ರ ಬರೆಯಿತು. ಅಂದರೆ ನೋಂದಾಯಿತ ವೈದ್ಯರು ಇದನ್ನು ಮಾಡಿದರೆ ಕರ್ನಾಟಕ ವೈದ್ಯಕೀಯ ಮಂಡಳಿಗೆ ದೂರು ಕೊಡಬಹುದು.

2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಸೇರಿಸಿತು: ಮನೆಯವರು ಕೂಡಿಹಾಕಿದ್ದಾರೆ ಎಂದು ಕೋರ್ಟಿಗೆ ಬಂದವರ ಒಲವನ್ನೋ ಗುರುತನ್ನೋ ಬದಲಾಯಿಸಲು ಹೈಕೋರ್ಟುಗಳು ಕೌನ್ಸೆಲಿಂಗ್ ಅನ್ನು ಬಳಸಬಾರದು.

ಹೇಳಿಕೆ 3: 'ಪೊಲೀಸ್ ಕೇಸ್ ಆಗುತ್ತೆ'

ತಪ್ಪು. ವಯಸ್ಕರ ನಡುವಿನ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿದೆ. ಸಲಿಂಗ ಮದುವೆಗೆ ಮಾತ್ರ ಕಾನೂನಿನ ಮಾನ್ಯತೆ ಇಲ್ಲ. 2023ರ ಅಕ್ಟೋಬರ್ ತೀರ್ಪಿನಲ್ಲಿ ಕೋರ್ಟ್ ಅದನ್ನು ಕೊಡಲಿಲ್ಲ. 'ಮದುವೆಗೆ ಮಾನ್ಯತೆ ಇಲ್ಲ' ಎಂಬುದನ್ನು 'ಅಪರಾಧ' ಎಂದು ತಿರುಚಿ ಹಣ ಕೀಳುವವರು ಇದ್ದಾರೆ. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯ ಮಾಡಿಕೊಂಡು, 'ಮನೆಯವರಿಗೆ ಹೇಳ್ತೀನಿ, ಪೊಲೀಸರಿಗೆ ಹೇಳ್ತೀನಿ' ಎಂದು ಹೆದರಿಸುತ್ತಾರೆ. ಇಲ್ಲಿ ಅಪರಾಧಿ ಹೆದರಿಸುವವನೇ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 308ರಲ್ಲಿ ಸುಲಿಗೆಗೆ ಶಿಕ್ಷೆ ಇದೆ.

ಕಾಯಿಲೆಯೇ ಅಲ್ಲ ಎಂದಮೇಲೆ ಕೌನ್ಸೆಲಿಂಗ್ ಯಾಕೆ?

ಒಳ್ಳೆಯ ಪ್ರಶ್ನೆ. ನೋವು ಒಲವಿನಿಂದ ಬರುವುದಿಲ್ಲ, ಅದನ್ನು ಬಚ್ಚಿಟ್ಟು ಬದುಕುವುದರಿಂದ ಬರುತ್ತದೆ. ಶಾಲೆಯಲ್ಲಿ ಗೇಲಿ, ಮನೆಯಲ್ಲಿ ಹೊಡೆತ, ಬಲವಂತದ ಮದುವೆಯ ಹೆದರಿಕೆ, ಬಾಡಿಗೆ ಮನೆಯಿಂದ ಹೊರಹಾಕಿಸಿಕೊಳ್ಳುವುದು, ಯಾರೊಡನೆಯೂ ಹೇಳಿಕೊಳ್ಳಲಾಗದ ಒಂಟಿತನ. ಇವು ವರ್ಷಗಟ್ಟಲೆ ಮುಂದುವರಿದರೆ ಯಾರ ಮನಸ್ಸಾದರೂ ಸೋಲುತ್ತದೆ.

ಸರಿಯಾದ ಆಪ್ತಸಮಾಲೋಚನೆ ಈ ಭಾರವನ್ನು ಇಳಿಸುತ್ತದೆ. 'ನೀನು ಯಾಕೆ ಹೀಗೆ?' ಎಂದು ಅದು ಕೇಳುವುದಿಲ್ಲ. 'ನಿನಗೆ ಈಗ ಏನು ಕಷ್ಟವಾಗುತ್ತಿದೆ?' ಎಂದು ಕೇಳುತ್ತದೆ. ಅಪ್ಪ ಅಮ್ಮನಿಗೂ ಇದು ಬೇಕು. ಅವರಿಗೆ ಭಯ, ಅವಮಾನ, 'ನಾವೇನು ತಪ್ಪು ಮಾಡಿದೆವು' ಎಂಬ ಕೊರಗು ಇರುತ್ತದೆ. ಅದನ್ನು ಹೇಳಿಕೊಳ್ಳಲು ಜಾಗ ಸಿಗದಿದ್ದರೆ ಆ ಸಿಟ್ಟು ಮಗುವಿನ ಮೇಲೆ ತಿರುಗುತ್ತದೆ.

ಹೇಳಿಕೆ 4: 'ಇದೆಲ್ಲ ಬೆಂಗಳೂರಲ್ಲಿ ಮಾತ್ರ'

ಅರ್ಧ ನಿಜ. ಬೆಂಗಳೂರಿನಲ್ಲಿ 1994ರಲ್ಲೇ ಗುಡ್ ಆಸ್ ಯು ಎಂಬ ಬೆಂಬಲ ಗುಂಪು ಶುರುವಾಯಿತು. 1999ರಲ್ಲಿ ಸಂಗಮ ಸಂಸ್ಥೆ ಹುಟ್ಟಿತು. ಸ್ವಭಾವ ಎಂಬ ಸಂಸ್ಥೆ 'ಸಹಾಯ' ಹೆಸರಿನ ದೂರವಾಣಿ ಆಪ್ತಸಮಾಲೋಚನೆ ನಡೆಸಿತು. ಇವು ಆರಂಭವಾದದ್ದು ದೊಡ್ಡ ಕಟ್ಟಡ, ದೊಡ್ಡ ಅನುದಾನದಿಂದಲ್ಲ. ಕೆಲವರು ನಿಯಮಿತವಾಗಿ ಒಂದೆಡೆ ಸೇರಿದ್ದರಿಂದ.

ಜಿಲ್ಲೆಗಳಲ್ಲಿ ಸಮುದಾಯದ ಸಂಘಗಳು ಹೆಚ್ಚಾಗಿ ಬೆಳೆದದ್ದು 2000ದ ದಶಕದ ಎಚ್‌ಐವಿ ತಡೆ ಕಾರ್ಯಕ್ರಮಗಳ ಮೂಲಕ. ಅದರಿಂದ ಲಾಭವೂ ಆಯಿತು, ಒಂದು ಕೊರತೆಯೂ ಉಳಿಯಿತು. ಗಂಡಸರನ್ನು ಪ್ರೀತಿಸುವ ಗಂಡಸರಿಗೆ, ಟ್ರಾನ್ಸ್ ಮಹಿಳೆಯರಿಗೆ ಒಂದಿಷ್ಟು ಜಾಲ ಸಿಕ್ಕಿತು. ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳು, ಟ್ರಾನ್ಸ್ ಪುರುಷರು ಆ ಕಾರ್ಯಕ್ರಮಗಳ ಲೆಕ್ಕಕ್ಕೇ ಬರಲಿಲ್ಲ. ಹೊಸದಾಗಿ ಏನಾದರೂ ಕಟ್ಟುವವರು ಇದನ್ನು ನೆನಪಿಡಬೇಕು.

ನಮ್ಮೂರಲ್ಲಿ ಕಟ್ಟುವುದು ಹೇಗೆ?

1. ಇರುವುದನ್ನು ಪಟ್ಟಿ ಮಾಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಜಾರಿಗೆ ಬರುವ ಮೊದಲು, 1980ರ ದಶಕದಲ್ಲಿ ನಿಮ್ಹಾನ್ಸ್ ಅದನ್ನು ಪ್ರಯೋಗಿಸಿ ನೋಡಿದ್ದು ನಮ್ಮ ಬಳ್ಳಾರಿಯಲ್ಲೇ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ, ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆಯೇ ಎಂದು ಕೇಳಿ ಬರೆದುಕೊಳ್ಳಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಬಡವರಿಗೆ, ಹೆಣ್ಣುಮಕ್ಕಳಿಗೆ ಉಚಿತ ವಕೀಲರನ್ನು ಕೊಡುತ್ತದೆ. ಅದರ ಸಹಾಯವಾಣಿ 15100. ಜಿಲ್ಲೆಯಲ್ಲಿ ಸಮುದಾಯದವರದೇ ಸಂಘವಿದ್ದರೆ ಮೊದಲು ಅವರನ್ನು ಮಾತಾಡಿಸಿ. ಅವರನ್ನು ಬಿಟ್ಟು ಅವರಿಗಾಗಿ ಏನನ್ನೂ ಕಟ್ಟಬೇಡಿ.

2. ಪಟ್ಟಿಗೆ ಸೇರಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಕೌನ್ಸೆಲರ್ ಎಂದು ಬೋರ್ಡ್ ಹಾಕಿದವರೆಲ್ಲ ತರಬೇತಿ ಪಡೆದವರಲ್ಲ. 'ನಿಮ್ಮ ತರಬೇತಿ ಏನು, ಎಲ್ಲಿ ನೋಂದಣಿಯಾಗಿದೆ?' 'ಸಲಿಂಗಿ ಒಬ್ಬರು ಬಂದರೆ ಏನು ಮಾಡುತ್ತೀರಿ?' 'ಮನೆಯವರು ಕೇಳಿದರೆ ವಿಷಯ ಹೇಳುತ್ತೀರಾ?' ಎರಡನೆಯದಕ್ಕೆ 'ಬದಲಾಯಿಸಲು ನೋಡ್ತೀವಿ' ಎಂದರೆ, ಅಥವಾ ಮೂರನೆಯದಕ್ಕೆ 'ಹೂಂ' ಎಂದರೆ, ಆ ಹೆಸರನ್ನು ಕೈಬಿಡಿ. ಮನೋವೈದ್ಯರು ವೈದ್ಯಕೀಯ ಮಂಡಳಿಯಲ್ಲಿ, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿಯಾಗಿರಬೇಕು.

3. ಒಂದು ಫೋನ್, ಗೊತ್ತಾದ ಸಮಯ. 24 ಗಂಟೆ ಎಂದು ಬರೆದು ಎತ್ತದಿರುವುದಕ್ಕಿಂತ, 'ಬುಧವಾರ ಮತ್ತು ಶನಿವಾರ ಸಂಜೆ 6ರಿಂದ 8' ಎಂದು ಬರೆದು ಪ್ರತಿ ಸಲ ಎತ್ತುವುದು ಎಷ್ಟೋ ಮೇಲು. ತಿಂಗಳುಗಟ್ಟಲೆ ಧೈರ್ಯ ಕೂಡಿಸಿಕೊಂಡು ಒಂದು ಸಲ ಕರೆ ಮಾಡುವವರಿರುತ್ತಾರೆ. ಆ ಒಂದು ಕರೆ ಖಾಲಿ ಹೋದರೆ ಅವರು ಮತ್ತೆ ಮಾಡದೇ ಇರಬಹುದು.

4. ಕೇಳಿಸಿಕೊಳ್ಳುವುದನ್ನು ಕಲಿಯಿರಿ. ಮೊದಲ ಪ್ರಶ್ನೆ, 'ಈಗ ಮಾತಾಡೋದಕ್ಕೆ ಅನುಕೂಲ ಇದೆಯಾ? ಪಕ್ಕದಲ್ಲಿ ಯಾರಾದರೂ ಇದ್ದಾರಾ?' ಆಚೆ ಕಡೆ ಮೌನವಿದ್ದರೆ ಕಾಯಿರಿ. 'ಇವತ್ತೇ ಮನೆಯಲ್ಲಿ ಹೇಳಿಬಿಡಿ' ಎಂದು ದೂಡಬೇಡಿ. ಯಾವಾಗ, ಯಾರಿಗೆ ಹೇಳಬೇಕು ಎಂಬ ತೀರ್ಮಾನ ಅವರದು. ಕೇಳದೆ ನೀವೇ ವಾಪಸ್ ಕರೆ ಮಾಡಬೇಡಿ, ಫೋನ್ ಅಪ್ಪನ ಕೈಯಲ್ಲಿರಬಹುದು. ಸ್ವಯಂಸೇವಕರು ಚಿಕಿತ್ಸೆ ಕೊಡುವವರಲ್ಲ. ಕೇಳಿಸಿಕೊಂಡು ಸರಿಯಾದ ಕಡೆ ಕಳಿಸುವುದಷ್ಟೇ ಅವರ ಕೆಲಸ.

5. ಗುಟ್ಟು ಗುಟ್ಟಾಗಿಯೇ ಇರಲಿ. ಕರೆಯ ಪುಸ್ತಕದಲ್ಲಿ ಹೆಸರು, ಊರು ಬೇಡ. ತಾರೀಖು, ಕೇಳಿದ ನೆರವು ಸಾಕು. ಎಲ್ಲರನ್ನೂ ಸೇರಿಸಿ ವಾಟ್ಸಾಪ್ ಗುಂಪು ಮಾಡಬೇಡಿ, ಅದರಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಭೇಟಿಗೆ ಇಬ್ಬರು ಹೋಗಿ, ಜನ ಓಡಾಡುವ ಜಾಗ ಆರಿಸಿ. ಗುಟ್ಟಿಗೂ ಒಂದು ಮಿತಿ ಇದೆ: 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮಾತಿನ ಆರಂಭದಲ್ಲೇ ಹೇಳಿಬಿಡುವುದು ಪ್ರಾಮಾಣಿಕತೆ.

6. ತುರ್ತು ದಾರಿ ಮೊದಲೇ ಗೊತ್ತಿರಲಿ. ಸಾಯುವ ಮಾತಾಡಿದರೆ ಬುದ್ಧಿವಾದ ಬೇಡ. 'ಸಾಯಬೇಕು ಅನ್ನಿಸ್ತಿದೆಯಾ?' ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ಪ್ರಾಣಕ್ಕೆ ಅಪಾಯವಿದ್ದರೆ 112. ಬ್ಲ್ಯಾಕ್‌ಮೇಲ್ ಮಾಡಿ ಆನ್‌ಲೈನ್‌ನಲ್ಲಿ ಹಣ ಕಿತ್ತಿದ್ದರೆ 1930.

7. ಕೇಳಿಸಿಕೊಳ್ಳುವವರನ್ನೂ ನೋಡಿಕೊಳ್ಳಿ. ವಾರವಾರ ಬೇರೆಯವರ ನೋವು ಕೇಳುವವರು ದಣಿಯುತ್ತಾರೆ. ತಿಂಗಳಿಗೊಮ್ಮೆ ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರ ಜೊತೆ ಕೂತು ಮಾತಾಡುವ ಏರ್ಪಾಡು ಇರಲಿ.

ಫಾರ್ವರ್ಡ್ ಮಾಡುವ ಮೊದಲು

ಸಹಾಯವಾಣಿ ನಂಬರು ಬಂದರೆ ಮೊದಲು ನೀವೇ ಒಂದು ಸಲ ಕರೆ ಮಾಡಿ ನೋಡಿ. ಎತ್ತಿದರೆ ಯಾವ ಭಾಷೆ, ಯಾವ ಹೊತ್ತು ಎಂದು ಕೇಳಿ, ಪರಿಶೀಲಿಸಿದ ತಿಂಗಳು ಬರೆದು ಕಳಿಸಿ. ಸಂಸ್ಥೆಯ ನಂಬರಿನ ಬದಲು ಯಾರದೋ ಖಾಸಗಿ ನಂಬರಿದ್ದರೆ ಕಳಿಸಬೇಡಿ. 'ಪಾಪ, ಈ ಹುಡುಗನಿಗೆ ಸಹಾಯ ಮಾಡಿ' ಎಂದು ಯಾರದ್ದಾದರೂ ಹೆಸರು, ಫೋಟೊ ಇರುವ ಸಂದೇಶವನ್ನು ಖಂಡಿತ ಮುಂದೂಡಬೇಡಿ. ಸಹಾಯದ ಹೆಸರಿನಲ್ಲಿ ಒಬ್ಬರ ಗುಟ್ಟು ರಟ್ಟಾದರೆ ಅವರು ಮನೆ, ಕೆಲಸ, ಕೆಲವೊಮ್ಮೆ ಜೀವವನ್ನೇ ಕಳೆದುಕೊಳ್ಳಬಹುದು.

ಕಳಿಸಲೇಬೇಕು ಎನಿಸಿದರೆ ಇದನ್ನು ಕಳಿಸಿ:

'ಸಲಿಂಗಿ ಅಥವಾ ಟ್ರಾನ್ಸ್‌ಜೆಂಡರ್ ಆಗಿರುವುದು ಕಾಯಿಲೆಯಲ್ಲ, ಅಪರಾಧವಲ್ಲ. ಬದಲಾಯಿಸುತ್ತೇವೆ ಎನ್ನುವವರ ಬಳಿ ಮಕ್ಕಳನ್ನು ಕರೆದೊಯ್ಯಬೇಡಿ. ಮನಸ್ಸಿಗೆ ಕಷ್ಟವಾದರೆ 14416, ಕಾನೂನು ನೆರವಿಗೆ 15100, ಪ್ರಾಣಾಪಾಯವಿದ್ದರೆ 112. ಮನೆಯವರೂ ಕರೆ ಮಾಡಿ ಮಾತಾಡಬಹುದು.'