ಬಣ್ಣದ ಕೋಣೆಯ ಬಾಗಿಲು ತೆರೆದದ್ದು ಹೀಗೆ

ಸಿನಿಮಾ ರೀಲಿನ ಮೇಲಿದ್ದ ಕಾಲದಲ್ಲಿ ಅದನ್ನು ವಿಡಿಯೊಗೆ ಇಳಿಸುವ ಯಂತ್ರಕ್ಕೆ ಟೆಲಿಸಿನಿ ಎನ್ನುತ್ತಿದ್ದರು. ಒಂದು ಕಡೆ ನೆಗೆಟಿವ್ ಸುತ್ತುತ್ತಿರುತ್ತಿತ್ತು. ಇನ್ನೊಂದು ಕಡೆ, ಮಬ್ಬು ಬೆಳಕಿನ ಕೋಣೆಯಲ್ಲಿ ಕಲರಿಸ್ಟ್ ಮೇಜಿನ ಮೇಲಿನ ಗುಂಡುಗಳನ್ನು ಬೆರಳ ತುದಿಯಲ್ಲಿ ಉರುಳಿಸುತ್ತ ನೆರಳು, ನಡುಬೆಳಕು, ಹೊಳಪು ಮೂರನ್ನೂ ಬೇರೆಬೇರೆಯಾಗಿ ತಿದ್ದುತ್ತಿದ್ದರು. ಅಂಥ ಮೇಜುಗಳಿಗೆ ಜಗತ್ತಿನಾದ್ಯಂತ ಹೆಸರಾಗಿದ್ದದ್ದು ಅಮೆರಿಕದ ಫ್ಲಾರಿಡಾದಲ್ಲಿ 1984ರಲ್ಲಿ ಹುಟ್ಟಿದ ಡಾವಿಂಚಿ ಸಿಸ್ಟಮ್ಸ್. ಕೋಣೆಯ ಬಾಡಿಗೆ ಗಂಟೆಯ ಲೆಕ್ಕದಲ್ಲಿ. ಹಾಗಾಗಿ ಕೈಯಲ್ಲಿ ಕಾಸಿಲ್ಲದ ನಿರ್ದೇಶಕರು ತಮ್ಮ ಚಿತ್ರದ ಬಣ್ಣವನ್ನು ನಿಧಾನವಾಗಿ ಕೂತು ನೋಡುವ ಮಾತೇ ಇರಲಿಲ್ಲ.

2004ರಲ್ಲಿ ಇದೇ ಕಂಪನಿ ‘ರಿಸಾಲ್ವ್’ ತಂದಿತು. ಬಣ್ಣ ತಿದ್ದುವ ಕೆಲಸ ಸಾಫ್ಟ್‌ವೇರಿಗೆ ಬಂತು, ಬೆಲೆ ಮಾತ್ರ ಇಳಿಯಲಿಲ್ಲ. ಯಂತ್ರಗಳೆಲ್ಲ ಸೇರಿ ಇಡೀ ವ್ಯವಸ್ಥೆಗೆ ಎರಡು ಲಕ್ಷ ಡಾಲರಿಗೂ ಹೆಚ್ಚು. ಅಷ್ಟರಲ್ಲಿ ಕಾಲವೂ ಬದಲಾಗಿತ್ತು. ರೀಲು ಹಿಂದೆ ಸರಿಯುತ್ತಿತ್ತು, ಟೆಲಿಸಿನಿಯನ್ನೇ ನಂಬಿದ್ದ ಕಂಪನಿಗೆ ಕಷ್ಟ ಶುರುವಾಗಿತ್ತು. 2009ರಲ್ಲಿ ಅದನ್ನು ಕೊಂಡುಕೊಂಡದ್ದು ಆಸ್ಟ್ರೇಲಿಯಾದ ಮೆಲ್ಬರ್ನಿನ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್.

ಅದರ ಸ್ಥಾಪಕ ಗ್ರಾಂಟ್ ಪೆಟಿ ಸ್ವತಃ ಎಡಿಟಿಂಗ್ ಸ್ಟುಡಿಯೊಗಳಲ್ಲಿ ಎಂಜಿನಿಯರ್ ಆಗಿ ದುಡಿದವರು. ಯಂತ್ರಗಳ ಬೆಲೆಯೇ ಪ್ರತಿಭಾವಂತರನ್ನು ಹೇಗೆ ಹೊರಗಿಡುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದರು. 2002ರಲ್ಲಿ ಅವರು ತಂದ ಡೆಕ್‌ಲಿಂಕ್ ಎಂಬ ವಿಡಿಯೊ ಕಾರ್ಡಿನ ಬೆಲೆ 995 ಡಾಲರ್. 2010ರಲ್ಲಿ ರಿಸಾಲ್ವ್‌ನ ಮ್ಯಾಕ್ ಆವೃತ್ತಿಗೂ ಅಷ್ಟೇ ಬೆಲೆ ಕಟ್ಟಿದರು. ಮರುವರ್ಷ ‘ಲೈಟ್’ ಎಂಬ ಆವೃತ್ತಿ ಪೂರ್ತಿ ಉಚಿತವಾಗಿಯೇ ಬಂತು. ಮೊದಮೊದಲು ಅದರಲ್ಲಿ ಎರಡೇ ‘ನೋಡ್’ ಬಳಸಬಹುದಿತ್ತು. ನೋಡ್ ಅಂದರೆ ಒಂದು ಶಾಟಿನ ಮೇಲೆ ಕೂರಿಸುವ ಒಂದೊಂದು ತಿದ್ದುಪಡಿ. ಎರಡರಲ್ಲಿ ಗಂಭೀರ ಕೆಲಸ ಸಾಧ್ಯವಿಲ್ಲ. ಕೆಲವೇ ತಿಂಗಳಲ್ಲಿ ಆ ಮಿತಿಯನ್ನೂ ತೆಗೆದರು. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ತಿರುವು ಅದೇ. ರುಚಿ ತೋರಿಸಿ ಹಣ ಕೇಳುವ ಉಚಿತಕ್ಕೂ, ಕೆಲಸ ಮುಗಿಸಿಕೊಡುವ ಉಚಿತಕ್ಕೂ ಅಜಗಜಾಂತರ.

ರಿಸಾಲ್ವ್ ಎಡಿಟಿಂಗಿಗೆ ಕಾಲಿಡಲು ಪರರ ತಪ್ಪು ನಡೆಯೂ ನೆರವಾಯಿತು. 2011ರ ಜೂನ್‌ನಲ್ಲಿ ಆಪಲ್ ತಂದ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್ ಪ್ರೊ ಎಕ್ಸ್, ಹಳೆಯ ಫೈನಲ್ ಕಟ್‌ನ ಪ್ರಾಜೆಕ್ಟುಗಳನ್ನು ತೆರೆಯುತ್ತಲೇ ಇರಲಿಲ್ಲ. ವರ್ಷಗಟ್ಟಲೆ ಅದರಲ್ಲೇ ಪಳಗಿದ್ದ ಎಡಿಟರುಗಳು ಸಿಟ್ಟಾದರು. 2013ರಲ್ಲಿ ಅಡೋಬಿ ತನ್ನ ಸಾಫ್ಟ್‌ವೇರುಗಳ ಹೊಸ ಆವೃತ್ತಿಗಳನ್ನು ಚಂದಾ ಕಟ್ಟುವವರಿಗೆ ಮಾತ್ರ ಎಂದಿತು. ಚಿತ್ರದ ಕೆಲಸ ಇರಲಿ ಬಿಡಲಿ, ಕಂತು ತಪ್ಪುವಂತಿಲ್ಲ. ಅದೇ ಹೊತ್ತಿಗೆ ರಿಸಾಲ್ವ್ ಒಂದೊಂದೇ ಆವೃತ್ತಿಯಲ್ಲಿ ಟೈಮ್‌ಲೈನ್, ಟ್ರಿಮ್, ಮಲ್ಟಿಕ್ಯಾಮ್ ಎಂದು ಸಂಕಲನದ ಸಲಕರಣೆಗಳನ್ನು ಕೂಡಿಸಿಕೊಳ್ಳುತ್ತ ಹೋಯಿತು.

ಧ್ವನಿಯ ಭಾಗ ಬಂದ ದಾರಿ ಇನ್ನೂ ಸ್ವಾರಸ್ಯದ್ದು. ಸಿಡ್ನಿಯಲ್ಲಿ 1975ರಲ್ಲಿ ಪೀಟರ್ ವೋಗೆಲ್, ಕಿಮ್ ರೈರಿ ಸೇರಿ ಕಟ್ಟಿದ ಕಂಪನಿ ಫೇರ್‌ಲೈಟ್. ಅಲ್ಲಿನ ಬಂದರಿನಲ್ಲಿ ಓಡಾಡುತ್ತಿದ್ದ ದೋಣಿಯೊಂದರ ಹೆಸರದು. ಹೊರಗಿನ ಯಾವುದೇ ಸದ್ದನ್ನು ರೆಕಾರ್ಡ್ ಮಾಡಿ ಕೀಬೋರ್ಡಿನಲ್ಲಿ ಸ್ವರವಾಗಿ ನುಡಿಸುವ ಅವರ ಯಂತ್ರ 1979ರಲ್ಲಿ ಬಂತು. ಕೇಟ್ ಬುಷ್, ಪೀಟರ್ ಗೇಬ್ರಿಯಲ್ ಅವರ ಸಂಗೀತಕ್ಕೆ ಅದು ಹೊಸ ನಾದ ಕೊಟ್ಟಿತು. ಮುಂದೆ ಈ ಕಂಪನಿ ಸಿನಿಮಾ, ಟಿ.ವಿ.ಗಳ ಧ್ವನಿ ಸಂಕಲನದ ಕಡೆ ಹೊರಳಿತು. ಬ್ಲ್ಯಾಕ್‌ಮ್ಯಾಜಿಕ್ 2016ರಲ್ಲಿ ಅದನ್ನೂ ಕೊಂಡು, ಮರುವರ್ಷದ 14ನೇ ಆವೃತ್ತಿಯಲ್ಲಿ ರಿಸಾಲ್ವ್ ಒಳಗೇ ಒಂದು ಪುಟವಾಗಿ ಕೂರಿಸಿತು. ಕಾಸು ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಯ ಬೆಲೆ 299 ಡಾಲರಿಗೆ ಇಳಿದದ್ದೂ ಆಗಲೇ. ಗ್ರಾಫಿಕ್ಸಿಗೆಂದು 2014ರಲ್ಲಿ ಕೊಂಡಿದ್ದ ಫ್ಯೂಷನ್ 2018ರಲ್ಲಿ ಸೇರಿಕೊಂಡಿತು.

ಇಷ್ಟನ್ನು ಉಚಿತವಾಗಿ ಕೊಡುವುದು ದಾನವಲ್ಲ. ಬ್ಲ್ಯಾಕ್‌ಮ್ಯಾಜಿಕ್ ಬದುಕುವುದು ಕ್ಯಾಮೆರಾ, ವಿಡಿಯೊ ಕಾರ್ಡ್, ಕಲರ್ ಪ್ಯಾನೆಲ್‌ಗಳ ಮಾರಾಟದಿಂದ. 2012ರಲ್ಲಿ ತಂದ ತನ್ನ ಮೊದಲ ಸಿನಿಮಾ ಕ್ಯಾಮೆರಾದ ಜತೆಗೇ ರಿಸಾಲ್ವ್‌ನ ಪೂರ್ಣ ಆವೃತ್ತಿ ಕೊಟ್ಟಿತ್ತು. ಸಾಫ್ಟ್‌ವೇರ್ ಕಲಿತವರು ನಾಳೆ ಉಪಕರಣಕ್ಕೆ ಬರುತ್ತಾರೆಂಬ ಲೆಕ್ಕ ಅದು. ಆ ಲೆಕ್ಕದಿಂದ ನಮ್ಮ ಕಿರುಚಿತ್ರದ ಹುಡುಗ ಹುಡುಗಿಯರಿಗೆ ಆಗಿರುವ ಲಾಭ ದೊಡ್ಡದು.

ಒಂದು ಶಾಟ್ ತೆಗೆದುಕೊಳ್ಳಿ. ಅಡಿಕೆ ತೋಟದೊಳಗೆ ಹಗಲಲ್ಲಿ ಚಿತ್ರೀಕರಿಸಿದರೆ ಎಲೆಗಳ ಹಸಿರು ಪಾತ್ರಧಾರಿಯ ಮುಖಕ್ಕೂ ಹೊಡೆದು, ಕಾಯಿಲೆ ಬಿದ್ದವರಂತೆ ಕಾಣುತ್ತಾರೆ. ಇಡೀ ಚಿತ್ರಿಕೆಯ ಹಸಿರು ಇಳಿಸಿದರೆ ತೋಟವೇ ಒಣಗುತ್ತದೆ. ಹೊಸ ನೋಡ್ ತೆರೆದು, ಮುಖದ ಸುತ್ತ ಮೆತ್ತನೆಯ ಅಂಚಿನ ವೃತ್ತ ಎಳೆದು, ಟ್ರ್ಯಾಕ್ ಒತ್ತಿದರೆ ಮುಖ ಹೋದತ್ತ ವೃತ್ತವೂ ಹೋಗುತ್ತದೆ. ಅದರೊಳಗೆ ನಡುಬೆಳಕನ್ನಷ್ಟೇ ಹಸಿರಿನಿಂದ ಕೆನ್ನೇರಳೆಯತ್ತ ತುಸು ಸರಿಸಿದರೆ ಸಾಕು, ಮುಖಕ್ಕೆ ಕಳೆ ಬರುತ್ತದೆ. ತೋಟ ಹಾಗೇ ಉಳಿಯುತ್ತದೆ. ಮಾತಿನ ಅಡಿಯಲ್ಲಿ ಕರೆಂಟಿನ ಗುಂಯ್ ಸದ್ದು ಸೇರಿದ್ದರೆ ಫೇರ್‌ಲೈಟ್ ಪುಟದ ಈಕ್ವಲೈಜರಿನಲ್ಲಿ 50 ಹರ್ಟ್ಸ್ ಮತ್ತು ಅದರ ಗುಣಕಗಳನ್ನು ಸಣ್ಣಗೆ ಕೊರೆಯಬಹುದು. ಇವೆಲ್ಲ ಉಚಿತ ಆವೃತ್ತಿಯಲ್ಲೇ ಇವೆ. ಔಟ್‌ಪುಟ್ ಅಲ್ಟ್ರಾ ಎಚ್‌ಡಿವರೆಗೆ ಸಿಗುತ್ತದೆ, ಮೇಲೆ ವಾಟರ್‌ಮಾರ್ಕ್ ಬೀಳುವುದಿಲ್ಲ. ಹಲವು ಫ್ರೇಮುಗಳನ್ನು ಹೋಲಿಸಿ ಚಿತ್ರದ ಗ್ರೇನ್ ಕಳೆಯುವಂಥ ಸೌಲಭ್ಯಕ್ಕೆ ಮಾತ್ರ ಸ್ಟುಡಿಯೊ ಆವೃತ್ತಿ ಬೇಕು.

ಕೆಲವು ತೊಡಕುಗಳನ್ನು ಹೇಳಲೇಬೇಕು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಇದು ಏದುಸಿರು ಬಿಡುತ್ತದೆ. ಹಳೆಯ ಲ್ಯಾಪ್‌ಟಾಪ್ ಇದ್ದವರು ಮೊದಲು ಪ್ರಾಕ್ಸಿ ಎಂಬ ಹಗುರ ನಕಲು ಫೈಲುಗಳನ್ನು ಮಾಡಿಕೊಂಡು ಎಡಿಟ್ ಮಾಡುವುದು ಕ್ಷೇಮ. ಇನ್ನೊಂದು, ಇದು ಉಚಿತವೇ ಹೊರತು ಮುಕ್ತ ತಂತ್ರಾಂಶವಲ್ಲ. ಮೂಲ ಕೋಡ್ ಕಂಪನಿಯ ಕೈಯಲ್ಲೇ ಇದೆ, ನಾಳೆ ನಿಯಮ ಬದಲಿಸುವ ಹಕ್ಕೂ ಅದರದೇ. ಹೊಸ ಆವೃತ್ತಿಗೆ ಏರಿಸಿದ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯದಿರಬಹುದು. ಆದ್ದರಿಂದ ಚಿತ್ರದ ಕೆಲಸ ಅರ್ಧದಲ್ಲಿರುವಾಗ ಅಪ್‌ಡೇಟ್ ಹಾಕಬೇಡಿ. ಹಾಕಲೇಬೇಕಾದರೆ ಪ್ರಾಜೆಕ್ಟ್ ಲೈಬ್ರರಿಯ ಬ್ಯಾಕಪ್ ಬೇರೊಂದು ಡಿಸ್ಕಿನಲ್ಲಿ ತೆಗೆದಿಟ್ಟುಕೊಂಡೇ ಹಾಕಿ.