ಎಂಜಿನ್ ವೇಗದ ಏರುಪೇರು: ಸೆನ್ಸರ್ ಬದಲಿಸುವ ಮುನ್ನ

ಸರಕಿನ ಮಾದರಿಗಳನ್ನು ಹೊತ್ತು ಹೊರಟ ಸಣ್ಣ ಕಾರು ಸಿಗ್ನಲ್‌ನಲ್ಲಿ ನಿಂತೊಡನೆ ಎಂಜಿನ್ ವೇಗ ತಾನಾಗಿ ಏರಿಳಿದು, ಕೊನೆಗೆ ಆರಿಹೋಗುವ ತೊಂದರೆಯನ್ನು ನಮ್ಮ ಸದಸ್ಯರಲ್ಲಿ ಅನೇಕರು ಬಲ್ಲರು. ಗ್ಯಾರೇಜಿನಲ್ಲಿ ದೊರೆಯುವ ಉತ್ತರ ಬಹುತೇಕ ಒಂದೇ: "ಸೆನ್ಸರ್ ಹೋಗಿದೆ." ಈ ಲೇಖಕನ ಕಾರಿಗೆ ಎರಡು ಸೆನ್ಸರ್‌ಗಳನ್ನು ಬದಲಿಸಲಾಯಿತು. ದೋಷವಿದ್ದುದು ಬೆರಳುದ್ದದ, ಬಿರುಕುಬಿಟ್ಟ ವ್ಯಾಕ್ಯೂಮ್ ಕೊಳವೆಯಲ್ಲಿ!

ಕಾರ್ಬುರೇಟರ್ ಕಾಲದಲ್ಲಿ ಸ್ಕ್ರೂ ತಿರುಗಿಸಿದರೆ ಸಾಕಾಗುತ್ತಿತ್ತು. ಎಂಪಿಎಫ್‌ಐ ಎಂಜಿನ್‌ನಲ್ಲಿ ಇಂಧನದ ಪ್ರಮಾಣವನ್ನು ಇಸಿಯು ನಿರ್ಧರಿಸುತ್ತದೆ. ಸೆನ್ಸರ್‌ಗಳು ಅದಕ್ಕೆ ಸುದ್ದಿ ಮುಟ್ಟಿಸುತ್ತವೆ. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್-4 ಕಾರುಗಳಿಗೆ ಒಬಿಡಿ-2 ಕಡ್ಡಾಯವಾದ ಮೇಲೆ, 16 ಪಿನ್ನಿನ ಸಾಕೆಟ್‌ಗೆ ಸ್ಕ್ಯಾನರ್ ಜೋಡಿಸಿ ದೋಷಸಂಕೇತವನ್ನು ಓದುವುದು ಸುಲಭವಾಗಿದೆ. ಆದರೆ ಸಂಕೇತವು ಲಕ್ಷಣವನ್ನು ಹೇಳುತ್ತದೆಯೇ ಹೊರತು ಕೆಟ್ಟ ಬಿಡಿಭಾಗವನ್ನಲ್ಲ. ಪಿ0171 ಎಂದರೆ ಮಿಶ್ರಣದಲ್ಲಿ ಗಾಳಿಗೆ ತಕ್ಕ ಇಂಧನವಿಲ್ಲವೆಂದಷ್ಟೇ ಅರ್ಥ. ಅದಕ್ಕೆ ಆಕ್ಸಿಜನ್ ಸೆನ್ಸರನ್ನೇ ದೂರುವುದು ಸುದ್ದಿ ತಂದವನನ್ನು ದಂಡಿಸಿದಂತೆ.

ಆದ್ದರಿಂದ ಮೊದಲು ಕೊಳವೆಗಳನ್ನೂ ಕನೆಕ್ಟರ್‌ಗಳನ್ನೂ ಪರೀಕ್ಷಿಸಿ, ಥ್ರಾಟಲ್ ಬಾಡಿಯಲ್ಲಿ ಕಟ್ಟಿದ ಮಸಿಯನ್ನು ತೆಗೆಸಬೇಕು. ಅನಂತರವೇ ಮಲ್ಟಿಮೀಟರ್. ಕೇಬಲ್ ಥ್ರಾಟಲ್ಲಿನ ಕಾರಾದರೆ ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಹಾಕಿ, ಥ್ರಾಟಲ್ ಸೆನ್ಸರಿನ ಸಂಕೇತತಂತಿಯನ್ನು ಅಳೆಯಬಹುದು. ಸಾಮಾನ್ಯವಾಗಿ ಮುಚ್ಚಿದಾಗ ಸುಮಾರು ಅರ್ಧ ವೋಲ್ಟ್ ಇದ್ದು, ಪೂರ್ಣ ತೆರೆಯುವಷ್ಟರಲ್ಲಿ 4 ವೋಲ್ಟ್ ದಾಟುತ್ತದೆ. ನಡುವೆ ಒಮ್ಮೆಲೇ ಕುಸಿದರೆ ಮಾತ್ರ ಆ ಸೆನ್ಸರಿನ ಮೇಲೆ ಸಂಶಯಪಡತಕ್ಕದ್ದು.

ಬದಲಿಸಲೇಬೇಕಾದರೆ ಸಂಕೇತದ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಂಡು, ಹಳೆಯ ಸೆನ್ಸರನ್ನು ಮರಳಿ ಕೇಳಿ ಪಡೆಯಿರಿ.