ಯಾವ ಆಹಾರ ಆಗುವುದಿಲ್ಲ ಎಂದು ರಕ್ತ ಹೇಳುತ್ತದೆಯೇ?



ನಂತೂರಿನ ಒಂದು ಸಂಘದ ಸಭೆಗೆ ಆಂತರಿಕ ಸಾಲದ ಅರ್ಜಿ ಬಂದಿತ್ತು. ಉದ್ದೇಶ: ಮಗಳ ರಕ್ತ ಪರೀಕ್ಷೆ. ಹುಡುಗಿಗೆ ಆಗಾಗ ಹೊಟ್ಟೆ ಉಬ್ಬರ. ಒಮ್ಮೆ ರಕ್ತ ಕೊಟ್ಟರೆ ನೂರಾರು ಆಹಾರಗಳಲ್ಲಿ ಯಾವುದು ಆಗುವುದಿಲ್ಲ ಎಂದು ಗೊತ್ತಾಗುತ್ತದಂತೆ, ಖರ್ಚು ಸಾವಿರಾರು ರೂಪಾಯಿಯಂತೆ. "ಸಿಸ್ಟರ್, ಮಾಡಿಸುವುದಾ, ಬೇಡ್ವಾ?" ಎಂದು ಆ ತಾಯಿ ಕೇಳಿದರು. ಬೇಡ ಎಂದೆ.

ಈ ಪರೀಕ್ಷೆಯಲ್ಲಿ ನೋಡುವುದು ರಕ್ತದಲ್ಲಿರುವ ಐಜಿಜಿ ಎಂಬ ಪ್ರತಿಕಾಯವನ್ನು. ನಾವು ತಿಂದದ್ದನ್ನು ದೇಹ ಗುರುತು ಹಿಡಿದಿದೆ ಎನ್ನುವುದಕ್ಕಷ್ಟೇ ಅದು ಸಾಕ್ಷಿ. ಆದ್ದರಿಂದ ವರದಿಯಲ್ಲಿ ಕೆಂಪು ಗುರುತು ಬೀಳುವುದು ಹೆಚ್ಚಾಗಿ ದಿನಾ ತಿನ್ನುವ ಹಾಲು, ಮೊಟ್ಟೆ, ಗೋಧಿಗೇ. ಆಹಾರದ ತೊಂದರೆ ಪತ್ತೆಗೆ ಇದನ್ನು ಬಳಸಬಾರದು ಎಂದು ಯುರೋಪಿನ ಅಲರ್ಜಿ ವೈದ್ಯರ ಸಂಘ 2008ರಲ್ಲಿ, ಕೆನಡಾದ ಸಂಘ 2012ರಲ್ಲಿ ಹೇಳಿವೆ. ಹೋದ ಹಣವನ್ನು ಹೇಗೋ ದುಡಿಯಬಹುದು. ಆದರೆ ಆ ವರದಿ ನಂಬಿ ಬೆಳೆಯುವ ಹುಡುಗಿಗೆ ಹಾಲು, ಮೊಟ್ಟೆ, ಮೀನು, ಬೇಳೆ ಎಲ್ಲ ನಿಲ್ಲಿಸಿದರೆ ತಟ್ಟೆಯಲ್ಲಿ ಉಳಿಯುವುದು ಗಂಜಿ, ಉಪ್ಪಿನಕಾಯಿ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಮೊದಲೇ ಕಡಿಮೆ ಇಲ್ಲ.

ಹಾಗೆಂದು ಎಲ್ಲಾ ರಕ್ತ ಪರೀಕ್ಷೆಯೂ ಸುಳ್ಳಲ್ಲ. ಸಿಗಡಿಯೋ ನೆಲಗಡಲೆಯೋ ತಿಂದ ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ದದ್ದು, ತುಟಿ ಊತ ಬಂದರೆ ಅದು ನಿಜವಾದ ಅಲರ್ಜಿ ಇರಬಹುದು. ಆಗ ವೈದ್ಯರು ಆ ಒಂದು ಆಹಾರಕ್ಕೆ ಐಜಿಇ ಎಂಬ ಬೇರೆಯೇ ಪರೀಕ್ಷೆ ಬರೆದು ಕೊಡುತ್ತಾರೆ. ಉಸಿರು ಕಟ್ಟಿದರೆ ಪರೀಕ್ಷೆಯ ಮಾತೇ ಬೇಡ, ಕೂಡಲೇ 108ಕ್ಕೆ ಫೋನ್ ಮಾಡಿ. ಗೋಧಿಯಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಗೂ ಒಳ್ಳೆಯ ರಕ್ತ ಪರೀಕ್ಷೆ ಇದೆ. ಆದರೆ ಅದಕ್ಕೆ ಮುಂಚೆ ಚಪಾತಿ ಬಿಡಬಾರದು. ಬಿಟ್ಟರೆ ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು.

ನಮ್ಮ ಕರಾವಳಿಯವರು ತಿಳಿಯಬೇಕಾದದ್ದು ಇನ್ನೊಂದಿದೆ. ಬಂಗುಡೆ ತಿಂದು ಮುಖ ಕೆಂಪಾಗಿ ತುರಿಸಿದರೆ "ನನಗೆ ಮೀನು ಆಗುವುದಿಲ್ಲ" ಎಂದು ಬಿಟ್ಟೇ ಬಿಡುವವರಿದ್ದಾರೆ. ಎಷ್ಟೋ ಸಲ ತಪ್ಪು ಮೀನಿನದ್ದಲ್ಲ, ಐಸ್ ಇಲ್ಲದೆ ಬಿಸಿಲಲ್ಲಿ ಇಟ್ಟದ್ದರದ್ದು. ಹಾಗೆ ಇಟ್ಟ ಬಂಗುಡೆ, ಬೂತಾಯಿಯಲ್ಲಿ ಹಿಸ್ಟಮಿನ್ ಎಂಬ ವಸ್ತು ಬೆಳೆಯುತ್ತದೆ. ಎಷ್ಟು ಕುದಿಸಿದರೂ, ಹುಳಿ ಹಾಕಿದರೂ ಅದು ಹೋಗುವುದಿಲ್ಲ. ಅದೇ ಮೀನು ತಿಂದ ಮನೆಯ ಇನ್ನೊಬ್ಬರಿಗೂ ಹಾಗೇ ಆಯಿತಾ ಎಂದು ಕೇಳಿ ನೋಡಿ.

ಆ ತಾಯಿಗೆ ಮೊದಲು ಮಗಳನ್ನು ವೈದ್ಯರಿಗೆ ತೋರಿಸಲು ಹೇಳಿದೆ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾದು ನೋಡುವಂತಿಲ್ಲ. ಈ ಹುಡುಗಿಗೆ ಅಂಥದ್ದೇನೂ ಇರಲಿಲ್ಲ. ತಿಂದದ್ದು, ಹೊಟ್ಟೆ ಉಬ್ಬಿದ್ದು ಎರಡನ್ನೂ ಎರಡು ವಾರ ಬರೆದಿಡಿ ಎಂದರು ವೈದ್ಯರು. ನೋಟ್‌ಬುಕ್ಕಿಗೆ ಇಪ್ಪತ್ತು ರೂಪಾಯಿ. ಬೆಳಿಗ್ಗೆ ದೊಡ್ಡ ಲೋಟ ಹಾಲು ಕುಡಿದು ಶಾಲೆಗೆ ಹೋದ ದಿನವೇ ತೊಂದರೆ ಎಂದು ಅದರಲ್ಲಿ ಕಂಡಿತು. ಹಾಲಿನ ಸಕ್ಕರೆ ಜೀರ್ಣವಾಗದ ಈ ತೊಂದರೆ ನಮ್ಮಲ್ಲಿ ಬಹಳ ಮಂದಿಗೆ ಇದೆ. ಐಜಿಜಿ ಪರೀಕ್ಷೆಯಲ್ಲಿ ಇದು ತಿಳಿಯುವುದೂ ಇಲ್ಲ. ಈಗ ಅವಳಿಗೆ ಹಾಲಿನ ಬದಲು ಮೊಸರು, ಮಜ್ಜಿಗೆ. ಮೊಟ್ಟೆ, ಮೀನು ಮೊದಲಿನಂತೆಯೇ. ಸಾಲದ ಅರ್ಜಿಯನ್ನು ತಾಯಿ ಹಿಂದೆ ಪಡೆದರು.